ಪಾಲು ಕೂಡಿದರೆ ಇಡಿಯೇ?

ಗಣಿತ ನನ್ನ ವಿಷಯವಲ್ಲ. ಮೂವತ್ತು ವರ್ಷಗಳಿಂದ ನಾನು ಕಲಿಸುತ್ತ ಬಂದದ್ದು ಕನ್ನಡ ಮತ್ತು ಸಮಾಜ. ಆದರೆ ಶಾಲೆಯೆಂದ ಮೇಲೆ ಯಾರಾದರೊಬ್ಬರು ರಜೆ ಹಾಕುವುದು, ಅವರ ತಾಸು ಇನ್ನೊಬ್ಬರ ಕೊರಳಿಗೆ ಬೀಳುವುದು ಇದ್ದದ್ದೇ. 2022ರ ಮಳೆಗಾಲದಲ್ಲಿ ಒಂದು ದಿನ ಹಾಗೆ ಆರನೆಯ ಇಯತ್ತೆಯ ಭಿನ್ನರಾಶಿ ನನ್ನ ಪಾಲಿಗೆ ಬಂತು. ಮಕ್ಕಳಿಗೆ ಅಂಕಿಗಿಂತ ಅನ್ನ ಬೇಗ ತಿಳಿಯುತ್ತದೆಂಬುದು ನನ್ನ ಅನುಭವ. ಡಬ್ಬಿಯಲ್ಲಿದ್ದ ಜೋಳದ ರೊಟ್ಟಿಯನ್ನೇ ತೆಗೆದು, ಎಲ್ಲರಿಗೂ ಕಾಣುವಂತೆ ಎತ್ತಿ ಹಿಡಿದು ನಾಲ್ಕು ಪಾಲು ಮಾಡಿದೆ. ಒಂದು ಪಾಲು ಕಾಲು, ಎರಡು ಪಾಲು ಅರ್ಧ, ಮೂರು ಪಾಲು ಮುಕ್ಕಾಲು. ಕೊನೆಗೆ ನಾಲ್ಕನ್ನೂ ಮೇಜಿನ ಮೇಲೆ ಒತ್ತಟ್ಟಿಗೆ ಜೋಡಿಸಿಟ್ಟು, "ನಾಲ್ಕು ಕಾಲು ಕೂಡಿದರ ಒಂದು. ಇಡೀ ರೊಟ್ಟಿ ಬಂತು ನೋಡ್ರಿ" ಎಂದೆ.

ಹಿಂದಿನ ಸಾಲಿನಲ್ಲಿ ಕೂತಿದ್ದ, ಎಂದೂ ಹೆಚ್ಚು ಮಾತಾಡದ ಹುಡುಗಿಯೊಬ್ಬಳು ಕೈ ಎತ್ತಿದಳು. "ಟೀಚರ್ರಿ, ಕೂಡಿಸಿದ್ರ ಲೆಕ್ಕ ಒಂದ ಆಗತೈತ್ರಿ. ರೊಟ್ಟಿ ಒಂದ ಆಗೂದಿಲ್ಲಲ್ರಿ."

ತರಗತಿಯೆಲ್ಲ ನಕ್ಕಿತು. ನಾನೂ ನಕ್ಕೆ. ಅಷ್ಟರಲ್ಲಿ ಗಂಟೆ ಬಾರಿಸಿದ್ದರಿಂದ ಉತ್ತರ ಕೊಡುವ ಹೊಣೆ ತಪ್ಪಿತು. ಬೇರೆ ಸಮಯವಾಗಿದ್ದರೆ ಆ ಮಾತನ್ನು ಶಿಕ್ಷಕರ ಕೋಣೆಯಲ್ಲಿ ಒಂದು ತಮಾಷೆಯಾಗಿ ಹೇಳಿ ಮರೆತುಬಿಡುತ್ತಿದ್ದೆನೋ ಏನೋ. ಆದರೆ ಆ ವಾರ ನನ್ನ ವ್ಯಾನಿಟಿ ಬ್ಯಾಗಿನಲ್ಲಿ ತವರಿನಿಂದ ಬಂದ ಒಂದು ಕಾಗದವಿತ್ತು. ಅದಕ್ಕೆ ಸಹಿ ಮಾಡುವುದೋ ಬಿಡುವುದೋ ಎಂದು ಮೂರು ರಾತ್ರಿ ನಿದ್ದೆಗೆಟ್ಟಿದ್ದೆ. ಹುಡುಗಿಯ ಮಾತು ನೇರವಾಗಿ ಅಲ್ಲಿಗೇ ಹೋಗಿ ತಾಗಿತು.

ಆ ಕಾಗದದ ಸುದ್ದಿಗೆ ಆಮೇಲೆ ಬರುತ್ತೇನೆ. ಅದಕ್ಕೂ ಮೊದಲು, ಇಂಥದೇ ಪ್ರಶ್ನೆಯನ್ನು ನಾನು ಮೊದಲ ಸಲ ಕೇಳಿದ ದಿನ ನೆನಪಾಗುತ್ತದೆ. ಧಾರವಾಡದಲ್ಲಿ ಬಿ.ಎ. ಓದುವಾಗ ತತ್ತ್ವಶಾಸ್ತ್ರ ನನ್ನ ಮೂರು ವಿಷಯಗಳಲ್ಲಿ ಒಂದಾಗಿತ್ತು. ಆಸಕ್ತಿಯಿಂದ ಆರಿಸಿಕೊಂಡದ್ದಲ್ಲ, ಅರ್ಥಶಾಸ್ತ್ರದ ತರಗತಿ ತುಂಬಿಹೋಗಿತ್ತು, ಅಷ್ಟೇ. ಒಂದು ಮಧ್ಯಾಹ್ನ ನಮ್ಮ ಪ್ರಾಧ್ಯಾಪಕರು ತಮ್ಮ ಹೆಗಲ ಮೇಲಿನ ಶಲ್ಯವನ್ನು ತೆಗೆದು ಮೇಜಿನ ಮೇಲಿಟ್ಟು, "ಇದು ಏನು?" ಎಂದು ಕೇಳಿದರು. ಬಟ್ಟೆ ಎಂದೆವು. "ನನಗೆ ಬರೀ ನೂಲು ಕಾಣಿಸುತ್ತದೆ. ಬಟ್ಟೆ ಎಲ್ಲಿದೆ, ತೋರಿಸಿ" ಎಂದರು. ನಾವು ಹುಡುಗಿಯರು ಒಬ್ಬರ ಮುಖ ಒಬ್ಬರು ನೋಡಿಕೊಂಡೆವು.

ಅವರು ತೊಡಗಿದ್ದು ಅವಯವ ಮತ್ತು ಅವಯವಿಯ ಪಾಠ. ಅವಯವವೆಂದರೆ ಭಾಗ, ಅವಯವಿ ಎಂದರೆ ಭಾಗಗಳುಳ್ಳ ಇಡಿ. ಈ ಎರಡರ ಸಂಬಂಧವೇನೆಂದು ನಮ್ಮ ದೇಶದ ಪಂಡಿತರು ಶತಮಾನಗಟ್ಟಲೆ ವಾದ ಮಾಡಿದ್ದಾರೆ. ನ್ಯಾಯ ಮತ್ತು ವೈಶೇಷಿಕರೆಂಬ ಪಂಥದವರ ಪ್ರಕಾರ, ನೂಲು ನೇಯ್ದು ಬಟ್ಟೆಯಾದಾಗ ಅಲ್ಲಿ ನಿಜವಾಗಿಯೂ ಒಂದು ಹೊಸ ವಸ್ತು ಹುಟ್ಟುತ್ತದೆ. ನೂಲು ನೂಲಾಗಿಯೇ ಇರುತ್ತದೆ. ಅದರ ಮೇಲೆ ಬಟ್ಟೆ ಎಂಬ ಇನ್ನೊಂದು ನೆಲೆಸುತ್ತದೆ. ಈ ನೆಲೆಸುವ ಸಂಬಂಧಕ್ಕೆ ಅವರು ಸಮವಾಯ ಎಂದು ಹೆಸರಿಟ್ಟರು. ಮೇಜಿನ ಮೇಲಿಟ್ಟ ಪುಸ್ತಕವನ್ನು ಎತ್ತಿಕೊಂಡರೆ ಎರಡಕ್ಕೂ ಏನೂ ಆಗುವುದಿಲ್ಲ. ಅದು ಬರಿಯ ಸಂಯೋಗ. ಆದರೆ ನೂಲಿನಿಂದ ಬಟ್ಟೆಯನ್ನು ಎತ್ತಿ ಬೇರೆ ಇಡಲು ಯಾರಿಂದಲೂ ಆಗದು.

ಬೌದ್ಧರು ಇದನ್ನು ಒಪ್ಪಲಿಲ್ಲ. ಪಾಳಿ ಭಾಷೆಯ 'ಮಿಲಿಂದಪಞ್ಹ' ಎಂಬ ಗ್ರಂಥದಲ್ಲಿ ಬರುವ ಸಂವಾದ ನಿಮ್ಮಲ್ಲಿ ಕೆಲವರಿಗಾದರೂ ಗೊತ್ತಿರಬಹುದು. ಮಿಲಿಂದನೆಂದರೆ ಕ್ರಿಸ್ತಪೂರ್ವ ಎರಡನೆಯ ಶತಮಾನದ ಗ್ರೀಕ್ ಮೂಲದ ದೊರೆ ಮಿನಾಂಡರ್. ಅವನು ನಾಗಸೇನ ಎಂಬ ಭಿಕ್ಷುವಿನೊಡನೆ ವಾದಕ್ಕೆ ಬರುತ್ತಾನೆ. ರಥದಲ್ಲಿ ಬಂದೆ ಎನ್ನುತ್ತಾನೆ. ಹಾಗಾದರೆ ಗಾಲಿಯೇ ರಥವೇ, ಅಚ್ಚೇ ರಥವೇ, ನೊಗವೇ ರಥವೇ ಎಂದು ಭಿಕ್ಷು ಕೇಳುತ್ತ ಹೋಗುತ್ತಾನೆ. ಪ್ರತಿಯೊಂದಕ್ಕೂ ದೊರೆ ಅಲ್ಲ, ಅಲ್ಲ ಎನ್ನಬೇಕಾಗುತ್ತದೆ. ಇವೆಲ್ಲ ಕೂಡಿದಾಗ ವ್ಯವಹಾರಕ್ಕಾಗಿ ಇಟ್ಟ ಹೆಸರೇ ರಥ ಎಂದು ಕೊನೆಗೆ ಅವನೇ ಒಪ್ಪುತ್ತಾನೆ. ನಾಗಸೇನನೆಂಬ ನನ್ನ ಹೆಸರೂ ಹಾಗೆಯೇ ಎಂದು ಭಿಕ್ಷು ಹೇಳುತ್ತಾನೆ.

ಅಂದು ನನಗೆ ತಿಳಿದದ್ದು ಪರೀಕ್ಷೆಗೆ ಬೇಕಾದಷ್ಟೇ. ಹಾಸ್ಟೆಲಿಗೆ ಬಂದು, ಚಳಿಗೆ ಅವ್ವನ ಕೌದಿ ಹೊದ್ದುಕೊಂಡು ಮಲಗಿದೆ. ಆ ಕೌದಿಯೇ ನನ್ನ ಪಾಠವೆಂದು ಆಗ ಹೊಳೆದಿರಲಿಲ್ಲ.

ನಮ್ಮ ಕಡೆಯ ಹೆಣ್ಣುಮಕ್ಕಳಿಗೆ ಕೌದಿಯ ಬಗ್ಗೆ ನಾನು ಹೇಳಬೇಕಾಗಿಲ್ಲ. ಹೊಲದ ಕೆಲಸ ಇಲ್ಲದ ಬೇಸಿಗೆಯಲ್ಲಿ ಅವ್ವ ಹಳೆಯ ಅರಿವೆಗಳ ಗಂಟು ಬಿಚ್ಚುತ್ತಿದ್ದಳು. ಅಡಿಗೆ ತನ್ನದೊಂದು ಸವೆದ ಇಳಕಲ್ಲ ಸೀರೆ. ಅದರ ಮೇಲೆ ಅಪ್ಪನ ಧೋತರದ ತುಂಡು, ಅಣ್ಣನ ಚಡ್ಡಿಯ ಖಾಕಿ, ಅಕ್ಕನ ಲಂಗ, ನನ್ನ ಪರಕಾರ, ತಮ್ಮನ ಕುಂಚಿಗೆ. ನಾಲ್ಕೂ ಅಂಚಿನಿಂದ ಹೊಲಿಗೆ ಹಾಕುತ್ತ ನಡುವಿಗೆ ಬರುತ್ತಿದ್ದಳು. ಕೊನೆಗೆ ನಟ್ಟನಡುವೆ ಅಂಗೈಯಷ್ಟು ಜಾಗ ಉಳಿದಾಗ ಒಳಗೆ ನಾಲ್ಕು ಕಾಳು ಅಕ್ಕಿ ಹಾಕಿ, "ಕೌದಿ ಹೊಟ್ಟಿ ತುಂಬಲಿ" ಎಂದು ಮುಚ್ಚುತ್ತಿದ್ದಳು. ಹೊದೆಯುವವರು ಹಸಿದಿರಬಾರದು ಎಂಬುದು ಅವಳ ಹಾರೈಕೆ.

ಕೌದಿ ಹರಿದಲ್ಲಿ ಅವ್ವ ಹೊಸ ತೇಪೆ ಹಾಕುತ್ತಿದ್ದಳು. ನನಗೆ ನೌಕರಿ ಸಿಗುವ ಹೊತ್ತಿಗೆ ಅದರಲ್ಲಿ ಮೊದಲಿನ ತುಂಡುಗಳು ಬೆರಳೆಣಿಕೆಯಷ್ಟೇ ಉಳಿದಿದ್ದವು. ಆದರೂ ಅದು ಅದೇ ಕೌದಿ. ಗ್ರೀಸಿನ ಅಥೆನ್ಸ್ ನಗರದಲ್ಲಿ ಥೀಸಿಯಸ್ ಎಂಬ ವೀರನ ಹಡಗನ್ನು ಬಹುಕಾಲ ಕಾಯ್ದಿಟ್ಟಿದ್ದರೆಂದೂ, ಹಲಗೆ ಜೀರ್ಣವಾದಂತೆಲ್ಲ ಬದಲಾಯಿಸುತ್ತ ಹೋದರೆಂದೂ, ಇದು ಅದೇ ಹಡಗೋ ಬೇರೆಯದೋ ಎಂದು ಅಲ್ಲಿನ ತತ್ತ್ವಜ್ಞಾನಿಗಳು ಜಗಳಾಡುತ್ತಿದ್ದರೆಂದೂ ಪ್ಲುಟಾರ್ಕ್ ಬರೆದಿದ್ದಾನೆ. ನಮ್ಮವ್ವನನ್ನು ಕೇಳಿದ್ದರೆ ನಕ್ಕುಬಿಡುತ್ತಿದ್ದಳು. ಕೌದಿಯಾಗಲಿ, ಹಡಗಾಗಲಿ, ಯಾರೋ ಒಬ್ಬರು ಅದನ್ನು ಒಂದೆಂದು ತಿಳಿದು ಕಾಯುತ್ತಿರುವವರೆಗೆ ಒಂದಾಗಿರುತ್ತದೆ. ಕಾಯುವವರು ಹೋದ ಮೇಲೆಯೇ ನಿಜವಾದ ಪ್ರಶ್ನೆ ಏಳುವುದು.

ಅವ್ವ ತೀರಿಕೊಂಡದ್ದು 2022ರ ಜನವರಿಯಲ್ಲಿ. ಅಪ್ಪ ಹನ್ನೆರಡು ವರ್ಷ ಮೊದಲೇ ಹೋಗಿದ್ದರು. ನಾವು ನಾಲ್ವರು ಮಕ್ಕಳು: ಅಕ್ಕ, ಅಣ್ಣ, ನಾನು, ತಮ್ಮ. ಊರಲ್ಲಿ ಎಂಟು ಎಕರೆ ಎರೆಹೊಲ ಮತ್ತು ಅಜ್ಜನ ಕಾಲದ ಮನೆ. ಎಲ್ಲವನ್ನೂ ಅಣ್ಣ ತಮ್ಮ ನೋಡಿಕೊಳ್ಳುತ್ತಿದ್ದರು. ನಮಗೆ ಸುಗ್ಗಿ ಮುಗಿದ ಮೇಲೆ ಒಂದು ಚೀಲ ಜೋಳ, ಪಂಚಮಿಗೊಂದು ಸೀರೆ. ಅಷ್ಟು ಸಾಕೆನಿಸಿತ್ತು, ಅಥವಾ ಸಾಕೆನ್ನಬೇಕೆಂದು ಕಲಿತಿದ್ದೆವು.

ಮಳೆಗಾಲದ ಆ ವಾರ ತಮ್ಮ ಒಂದು ಚೀಲ ಶೇಂಗಾ ಹೊತ್ತುಕೊಂಡು ಬಂದ. ಚಹಾ ಕುಡಿದು, ಕಿಸೆಯಿಂದ ಮಡಿಚಿದ ಕಾಗದ ತೆಗೆದ. ಹಕ್ಕು ಬಿಡುಗಡೆ ಪತ್ರ. ಹೊಲ ಮನೆಗಳಲ್ಲಿ ನಮಗಿರುವ ಹಕ್ಕನ್ನು ನಾವಾಗಿಯೇ ಸೋದರರಿಗೆ ಬಿಟ್ಟುಕೊಟ್ಟಿದ್ದೇವೆಂದು ಅಕ್ಕನೂ ನಾನೂ ಸಹಿ ಮಾಡಬೇಕಾದ ಪತ್ರ.

"ಸಣ್ಣಕ್ಕಾ, ಮನಿ ಒಂದಾಗಿ ಉಳೀಬೇಕಲ್ಲ. ಪಾಲು ಅಂತ ಕುಂತ್ರ ಅಪ್ಪಾ ಅವ್ವ ಕಟ್ಟಿದ್ದೆಲ್ಲ ಚೂರ ಆಗಿ ಹೋಗತೈತಿ" ಎಂದ. ಅವನ ಕಣ್ಣಲ್ಲಿ ನೀರಿತ್ತು. ಅದು ನಾಟಕವಲ್ಲ, ನನ್ನ ತಮ್ಮನನ್ನು ನಾನು ಬಲ್ಲೆ. ಮನೆ ಒಂದಾಗಿ ಉಳಿಯಬೇಕೆಂಬುದನ್ನು ಅವನು ಮನಸಾರೆ ನಂಬಿದ್ದ.

ನಾನೂ ನಂಬಿದ್ದೆ. ನನಗೆ ಸಂಬಳವಿದೆ, ಯಜಮಾನರಿಗೆ ಪೆನ್ಶನ್ ಇದೆ, ಮನೆಯ ಸಾಲ ತೀರಿದೆ. ಎರಡು ಎಕರೆ ಇಟ್ಟುಕೊಂಡು ನಾನೇನು ಮಾಡಲಿ? ಜೊತೆಗೆ, ಬಿಟ್ಟುಕೊಡುವುದರಲ್ಲಿ ಒಂದು ಸುಖವೂ ಇದೆ, ಸುಳ್ಳೇಕೆ ಹೇಳಲಿ? ಕೇಳದ ಮಗಳು ಒಳ್ಳೆಯ ಮಗಳು ಎಂದು ಚಿಕ್ಕಂದಿನಿಂದ ಕೇಳಿದವರು ನಾವು. ಪೆನ್ನು ತೆಗೆದೂ ಆಗಿತ್ತು. ನಾಳೆ ಕೊಡುತ್ತೇನೆ ಎಂದದ್ದು, ಸಹಿ ಮಾಡುವ ಮೊದಲು ಅಕ್ಕನಿಗೆ ಒಂದು ಮಾತು ಹೇಳೋಣವೆಂದು ಮಾತ್ರ.

ಅಕ್ಕನಿಗೆ ಆಗ ಅರವತ್ತೊಂದು. ಭಾವ ತೀರಿಕೊಂಡು ಏಳು ವರ್ಷ. ತಾಲೂಕಿನ ಊರಲ್ಲಿ ಎರಡು ಕೋಣೆಯ ಬಾಡಿಗೆ ಮನೆ. ಸೀರೆಗೆ ಫಾಲ್ ಹಚ್ಚಿ ದಿನ ದೂಡುವುದು. ಮಗನಿಗೆ ಡ್ರೈವರ್ ಕೆಲಸ, ಒಂದು ತಿಂಗಳು ಇದ್ದರೆ ಒಂದು ತಿಂಗಳು ಇಲ್ಲ. ಫೋನಿನಲ್ಲಿ ಅವಳು ಸ್ವಲ್ಪ ಹೊತ್ತು ಸುಮ್ಮನಿದ್ದಳು. ಆಮೇಲೆ, "ನೀ ಮಾಡಿದ್ರ ನಾನೂ ಮಾಡ್ತೀನವಾ. ನೀ ಕಲತಾಕಿ. ನೀ ಬಿಟ್ಟ ಮ್ಯಾಲ ನಾ ಒಬ್ಬಾಕಿ ಬೇಕು ಅಂದ್ರ ಮನಿ ಮುರದಾಕಿ ಅನಸ್ಕೋತೀನಿ" ಎಂದಳು. ಬೇಕು ಎಂದೂ ಹೇಳಲಿಲ್ಲ, ಬೇಡ ಎಂದೂ ಹೇಳಲಿಲ್ಲ.

ಪೆನ್ನು ಕೈಯಲ್ಲೇ ಉಳಿಯಿತು. ನಾನು ಬಿಡುವುದು ಬರೀ ನನ್ನ ಪಾಲನ್ನಲ್ಲ ಎಂದು ಆಗ ತಿಳಿಯಿತು. ನನ್ನ ಸಹಿ ಅಕ್ಕನ ಕೈಯನ್ನೂ ಎಳೆದುಕೊಂಡು ಹೋಗುತ್ತದೆ. ನನಗೆ ತ್ಯಾಗವಾಗಿ ಕಾಣುವುದು ಅವಳಿಗೆ ತಲೆಯ ಮೇಲಿನ ಸೂರು.

ಅಂದಿನಿಂದ ತಮ್ಮನ ಆ ಒಂದು ಮಾತನ್ನೇ ಹಿಂದುಮುಂದು ಮಾಡಿ ನೋಡತೊಡಗಿದೆ. ಮನೆ ಒಂದಾಗಿ ಉಳಿಯಬೇಕು. ಸರಿ. ಯಾವ ಮನೆ? ಅದರ ಭಾಗಗಳು ಯಾರು? ಎಣಿಸುವಾಗ ನಮ್ಮಿಬ್ಬರನ್ನು ಎಣಿಸಿದ್ದಾರೆಯೇ? ಎಣಿಸಿದ್ದರೆ, ನಾವು ಹೊರಗೆ ಹೋದ ಮೇಲೆ ಉಳಿಯುವುದು ಇಡಿ ಹೇಗಾದೀತು? ಎಣಿಸಿಲ್ಲವೆಂದರೆ, ನಮ್ಮ ಸಹಿ ಯಾಕೆ ಬೇಕು?

ಈ ಎಣಿಕೆಯ ಕಥೆಯೂ ಸ್ವಾರಸ್ಯವಾದದ್ದು. 1956ರ ಹಿಂದೂ ಉತ್ತರಾಧಿಕಾರ ಕಾಯಿದೆ ಮಗಳಿಗೆ ತಂದೆಯ ಪಾಲಿನಲ್ಲಿ ಒಂದು ಪಾಲು ಕೊಟ್ಟಿತು. ಆದರೆ ಪಿತ್ರಾರ್ಜಿತ ಆಸ್ತಿಯಲ್ಲಿ ಹುಟ್ಟಿನಿಂದಲೇ ಬರುವ ಹಕ್ಕು ಗಂಡುಮಕ್ಕಳದೇ ಆಗಿ ಉಳಿಯಿತು. ನಮ್ಮ ಕರ್ನಾಟಕ 1994ರಲ್ಲಿ ಅದನ್ನು ತಿದ್ದಿ ಮಗಳಿಗೂ ಆ ಹಕ್ಕನ್ನು ಕೊಟ್ಟಿತು. ಆದರೆ ಆ ತಿದ್ದುಪಡಿ ಜಾರಿಗೆ ಬಂದ 1994ರ ಜುಲೈಗೆ ಮೊದಲೇ ಮದುವೆಯಾದವರಿಗೆ ಅದು ಇಲ್ಲ. ಅಕ್ಕನ ಮದುವೆ 1982ರಲ್ಲಿ, ನನ್ನದು 1993ರ ಮೇ ತಿಂಗಳಲ್ಲಿ. ಇನ್ನೊಂದು ವರ್ಷ ಮೂರು ತಿಂಗಳು ಅಕ್ಷತೆ ತಡವಾಗಿ ಬಿದ್ದಿದ್ದರೆ ನಾನು ಆ ಮನೆಯ ಭಾಗ. ಮೊದಲೇ ಬಿದ್ದದ್ದರಿಂದ ಅಲ್ಲ! 2005ರಲ್ಲಿ ಕೇಂದ್ರದ ತಿದ್ದುಪಡಿ ಬಂದು ಮದುವೆಯಾದವಳು, ಆಗದವಳು ಎಂಬ ಭೇದ ಹೋಯಿತು. ಆ ಹಕ್ಕು ಹುಟ್ಟಿನಿಂದಲೇ ಬಂದದ್ದು, ತಂದೆ 2005ರಲ್ಲಿ ಬದುಕಿರಲೇಬೇಕೆಂದಿಲ್ಲ ಎಂದು ಸುಪ್ರೀಂ ಕೋರ್ಟು 2020ರಲ್ಲಿ ಹೇಳಿತು. ಅಂದರೆ ನಾನು ಹುಟ್ಟಿದಾಗಲೇ ಆ ಇಡಿಯ ಭಾಗವಾಗಿದ್ದೆ ಎಂಬುದು ನನಗೆ ತಿಳಿದದ್ದು ಐವತ್ತು ದಾಟಿದ ಮೇಲೆ.

ಕಾಯಿದೆ ಹೇಳಿದ್ದನ್ನು ಮನಸ್ಸು ಅಷ್ಟು ಬೇಗ ಒಪ್ಪುವುದಿಲ್ಲ. ಕೊಟ್ಟ ಹೆಣ್ಣು ಕುಲಕ್ಕೆ ಹೊರಗು ಎಂಬ ಗಾದೆ ನಮ್ಮ ಕಿವಿಯಲ್ಲಿ ಕಾಯಿದೆಗಿಂತ ಮೊದಲೇ ಬಿದ್ದದ್ದು. ಗಂಡನ ಮನೆಯಲ್ಲಿ ಏನಾದರೂ ಹೆಚ್ಚು ಕಡಿಮೆಯಾದರೆ, "ಇನ್ನೂ ಅರ್ಧ ಜೀವ ತವರಿನಾಗ ಐತಿ" ಎನ್ನುತ್ತಾರೆ. ತವರಿನಲ್ಲಿ ಮಾತಾಡಿದರೆ, "ನಿಂದೇನೈತಿ, ನೀ ಆ ಮನಿಯಾಕಿ" ಎನ್ನುತ್ತಾರೆ. ಹೆಣ್ಣು ಪೂರ್ತಿ ಅಲ್ಲಿಯವಳೋ, ಅರ್ಧ ಇಲ್ಲಿಯವಳೋ?

ಈ ಪ್ರಶ್ನೆ ಬೌದ್ಧರು ನೈಯಾಯಿಕರಿಗೆ ಹಾಕಿದ ಪ್ರಶ್ನೆಯಂತೆಯೇ ಇದೆ. ಇಡಿ ಎಂಬುದು ಭಾಗಗಳಲ್ಲಿ ನೆಲೆಸುತ್ತದೆ ಎನ್ನುತ್ತೀರಲ್ಲ, ಒಂದೊಂದು ಭಾಗದಲ್ಲೂ ಪೂರ್ತಿಯಾಗಿ ನೆಲೆಸುತ್ತದೆಯೋ, ಸ್ವಲ್ಪ ಸ್ವಲ್ಪವಾಗಿಯೋ? ಪೂರ್ತಿ ಎಂದರೆ ಒಂದು ನೂಲಿನಲ್ಲೇ ಇಡೀ ಬಟ್ಟೆ ಮುಗಿಯಿತು, ಉಳಿದ ನೂಲಿಗೆ ಏನೂ ಇಲ್ಲ. ಸ್ವಲ್ಪ ಸ್ವಲ್ಪ ಎಂದರೆ ಬಟ್ಟೆಗೆ ನೂಲಲ್ಲದೆ ಬೇರೆ ತುಂಡುಗಳೂ ಇರಬೇಕಾಯಿತು. ಇದಕ್ಕೆ ಗೌತಮನ ನ್ಯಾಯಸೂತ್ರ ಕೊಡುವ ಉತ್ತರ ನನಗೆ ಬಹಳ ಮೆಚ್ಚುಗೆ. ಪ್ರಶ್ನೆಯೇ ತಪ್ಪು ಎನ್ನುತ್ತದೆ ಅದು. ಹಲವು ವಸ್ತುಗಳಿದ್ದು ಒಂದನ್ನೂ ಬಿಡದಿದ್ದರೆ ಪೂರ್ತಿ, ಕೆಲವನ್ನಷ್ಟೇ ತೆಗೆದುಕೊಂಡರೆ ಸ್ವಲ್ಪ. ಇರುವುದೇ ಒಂದಾದಾಗ ಈ ಎರಡು ಮಾತೂ ಅದಕ್ಕೆ ಅಂಟುವುದಿಲ್ಲ.

ಗಡಿಗೆ, ಬಟ್ಟೆಗಳ ವಾದವನ್ನು ಮನೆತನಕ್ಕೆ ಹಚ್ಚಿದರೆ ನನ್ನ ಪ್ರಾಧ್ಯಾಪಕರು ಹುಬ್ಬು ಗಂಟಿಕ್ಕುತ್ತಿದ್ದರೋ ಏನೋ. ಆದರೆ ನನಗೆ ಅದರಿಂದ ಒಂದು ಬಿಡುಗಡೆ ಸಿಕ್ಕಿತು. ನಾನು ಒಬ್ಬಳು. ನನ್ನನ್ನು ಕಾಲು, ಅರ್ಧ ಎಂದು ಎರಡು ಮನೆಗಳ ನಡುವೆ ಹಂಚಲು ನಾನು ರೊಟ್ಟಿಯಲ್ಲ. ಹೊಲವನ್ನು ಹಂಚಬಹುದು, ಮಗಳುತನವನ್ನು ಹಂಚಲಾಗದು. ಈ ಮನೆಯ ಸೊಸೆಯಾದೆನೆಂದು ಆ ಮನೆಯ ಮಗಳಾಗಿರುವುದರಲ್ಲಿ ಒಂದು ಗುಂಜಿಯೂ ಕಡಿಮೆಯಾಗಿಲ್ಲ.

ಮುಂದಿನ ರವಿವಾರ ಊರಿಗೆ ಹೋದೆ. ಪಡಸಾಲೆಯಲ್ಲಿ ಎಲ್ಲರೂ ಕೂತಿದ್ದೆವು. "ನಾನು ಸಹಿ ಮಾಡುವುದಿಲ್ಲ. ನಾಲ್ಕು ಪಾಲು ಆಗಲಿ. ಅಕ್ಕನ ಪಾಲು ಮೊದಲು ಆಕೆಯ ಕೈಗೆ ಬರಲಿ. ನನ್ನದನ್ನು ನಾನು ಬಿಡಬೇಕೆಂದರೂ ಅದು ಮೊದಲು ನನ್ನದಾಗಬೇಕಲ್ಲ" ಎಂದೆ. ಅಣ್ಣ ನೆಲ ನೋಡುತ್ತ ಕೂತ. ತಮ್ಮ ಎದ್ದು ಹೊರಗೆ ಹೋದ. ಅಕ್ಕ ಅಳತೊಡಗಿದಳು, ಸಂತೋಷಕ್ಕಲ್ಲ, ಹೆದರಿಕೆಗೆ.

ಆದರೆ ನನ್ನನ್ನು ನಿಜವಾಗಿ ಕಟ್ಟಿಹಾಕಿದ್ದು ವೈನಿಯ ಮಾತು. ವೈನಿ ಅಂದರೆ ಅಣ್ಣನ ಹೆಂಡತಿ. ಅವ್ವ ಹಾಸಿಗೆ ಹಿಡಿದ ನಾಲ್ಕು ತಿಂಗಳು ಮೈ ತೊಳೆದವಳು, ಗಂಜಿ ಕುಡಿಸಿದವಳು, ರಾತ್ರಿ ಎದ್ದೆದ್ದು ಮಗ್ಗುಲು ಬದಲಿಸಿದವಳು ಅವಳು. ಅಡಿಗೆಮನೆಯಲ್ಲಿ ನನಗೆ ನೀರು ಕೊಡುತ್ತ ಕೇಳಿದಳು: "ನಾನೂ ನನ್ನ ತವರಿನಾಗ ಸಹಿ ಮಾಡೇ ಬಂದೀನ್ರಿ. ಅಣ್ಣತಮ್ಮರ ಮನಿ ಒಂದಾಗಿರಲಿ ಅಂತ. ನಾ ಮಾಡಿದ್ದು ತಪ್ಪಂತೀರೇನು? ಈ ಮನಿ ಉತಾರದಾಗೂ ನನ್ನ ಹೆಸರಿಲ್ಲ."

ನನ್ನ ಬಳಿ ಉತ್ತರವಿರಲಿಲ್ಲ. ಈಗಲೂ ಪೂರ್ತಿಯಾಗಿ ಇಲ್ಲ. ಎರಡು ಮನೆಗಳನ್ನು ಒಂದಾಗಿ ಉಳಿಸಿದವಳು ಅವಳು. ಎರಡರ ಕಾಗದದಲ್ಲೂ ಅವಳಿಲ್ಲ. ಹಕ್ಕಿನ ಲೆಕ್ಕ ಹಿಡಿದು ನಾನು ಮಾತಾಡಿದಾಗ ಅದು ಅವಳ ನಾಲ್ಕು ತಿಂಗಳನ್ನು ಎಲ್ಲಿಯೂ ಎಣಿಸಲಿಲ್ಲ. ಹುಟ್ಟಿನಿಂದ ಭಾಗವಾದವರು ಒಂದು ಬಗೆ, ದುಡಿತದಿಂದ ಭಾಗವಾದವರು ಇನ್ನೊಂದು ಬಗೆ. ನಮ್ಮ ಕಾಯಿದೆಗೆ ಮೊದಲನೆಯದು ಕಾಣಿಸಲಿಕ್ಕೇ ಇಷ್ಟು ಕಾಲ ಬೇಕಾಯಿತು. ಎರಡನೆಯದಕ್ಕೆ ಇನ್ನೂ ಸರಿಯಾದ ಕಣ್ಣಿಲ್ಲ.

2023ರಲ್ಲಿ ವಾಟ್ನಿ ಪತ್ರ ನೋಂದಣಿಯಾಯಿತು. ತಲಾ ಎರಡು ಎಕರೆ. ನನ್ನ ಎರಡು ಎಕರೆಯನ್ನು ಅಣ್ಣನೇ ಉಳುತ್ತಾನೆ, ಉತಾರದಲ್ಲಿ ಹೆಸರು ನನ್ನದಿದೆ. ಮನೆಯಲ್ಲಿ ಓಣಿಯ ಕಡೆಯ ಎರಡು ಕೋಣೆ ಅಕ್ಕನಿಗೆ ಬಂದವು. ಪಡಸಾಲೆಯ ನಡುವೆ ಗೋಡೆ ಎದ್ದಿತು. ಆ ಗೋಡೆ ಕಟ್ಟುವ ದಿನ ನಾನು ಊರಿಗೆ ಹೋಗಲಿಲ್ಲ, ಹೋಗಲಾಗಲಿಲ್ಲ. ಇಲ್ಲಿಯೂ ಹುಡುಗಿಯ ಮಾತೇ ಸರಿ. ಗೋಡೆ ಎದ್ದ ಮೇಲೆ ಎರಡೂ ಬದಿಯ ಅಳತೆ ಕೂಡಿಸಿದರೆ ಅದೇ ಪಡಸಾಲೆಯ ಚದರಡಿ ಬರುತ್ತದೆ, ನಾವು ನಾಲ್ವರು ಕೌದಿ ಹಾಸಿ ಮಲಗುತ್ತಿದ್ದ ಆ ಪಡಸಾಲೆ ಬರುವುದಿಲ್ಲ. ನ್ಯಾಯ ಸಿಗುವಾಗ ಏನೂ ಕಳೆಯುವುದಿಲ್ಲವೆಂದು ಯಾರಾದರೂ ಹೇಳಿದರೆ ನಂಬಬೇಡಿ.

ಪಾತ್ರೆ ಪಗಡಿ ಹಂಚುವ ದಿನ ಮಾತ್ರ ಇದ್ದೆ. ಎಲ್ಲ ಮುಗಿದ ಮೇಲೆ ಅಟ್ಟದ ಮೇಲಿನ ಟ್ರಂಕಿನ ತಳದಲ್ಲಿ ಕೌದಿಯ ಒಂದು ಚುಂಗು ಕಾಣಿಸಿತು. ಅಕ್ಕ ಅದನ್ನು ಹಿಡಿದು ಎಳೆದಳು. ಮೇಲಿನ ಅರಿವೆಗಳನ್ನೆಲ್ಲ ಕೆಡವುತ್ತ ಇಡೀ ಕೌದಿ ಈಚೆಗೆ ಬಂತು.

ಆಗ ನನಗೆ ಮೂವತ್ತೈದು ವರ್ಷ ಹಿಂದಿನ ಪಾಠ ಥಟ್ಟನೆ ನೆನಪಾಯಿತು. ಇಡಿ ಎಂಬುದು ನಿಜವಾಗಿ ಇದೆ ಎನ್ನಲು ನ್ಯಾಯಸೂತ್ರ ಕೊಡುವ ಒಂದು ಕಾರಣ ಇದೇ. ಒಂದು ಭಾಗ ಹಿಡಿದರೆ ಇಡೀ ವಸ್ತು ಕೈಗೆ ಸಿಗುತ್ತದೆ, ಒಂದು ಭಾಗ ಎಳೆದರೆ ಇಡೀ ವಸ್ತು ಬರುತ್ತದೆ. ಧೂಳಿನ ರಾಶಿಯಿಂದ ಒಂದು ಚಿಟಿಕೆ ಎಳೆದರೆ ಚಿಟಿಕೆಯಷ್ಟೇ ಬರುತ್ತದೆ. ಆದರೆ ಅದರ ಭಾಷ್ಯದಲ್ಲಿ ವಾತ್ಸ್ಯಾಯನ ಒಂದು ತೊಡಕನ್ನೂ ಎತ್ತಿದ್ದಾನೆ. ಹುಲ್ಲು, ಕಲ್ಲು, ಕಟ್ಟಿಗೆಗಳನ್ನು ಅರಗಿನಿಂದ ಅಂಟಿಸಿದರೂ ಎಳೆದಾಗ ಒಟ್ಟಿಗೇ ಬರುತ್ತವಲ್ಲ? ಅಷ್ಟಕ್ಕೇ ಅದನ್ನು ಒಂದು ವಸ್ತು ಎನ್ನಲಾದೀತೇ?

ಎಷ್ಟು ಮನೆಗಳು ಅರಗಿನಿಂದ ಅಂಟಿಕೊಂಡಿಲ್ಲ! ಜನ ಏನಂದಾರು ಎಂಬ ಅರಗು, ಒಬ್ಬರು ಬಾಯಿ ಮುಚ್ಚಿಕೊಂಡಿರುವ ಅರಗು, ಕೇಳದ ಮಗಳು ಒಳ್ಳೆಯವಳು ಎಂಬ ಅರಗು. ಹೊರಗಿನಿಂದ ನೋಡಿದರೆ ಒಂದೇ ಮನೆ. ಹೊಲಿಗೆಯ ಒಗ್ಗಟ್ಟು ಬೇರೆ. ಅಲ್ಲಿ ಖಾಕಿ ಖಾಕಿಯಾಗಿಯೇ, ಲಂಗ ಲಂಗವಾಗಿಯೇ ಕಾಣುತ್ತದೆ; ಯಾವ ತುಂಡೂ ತಾನಿಲ್ಲವೆಂದು ಬರೆದುಕೊಡಬೇಕಾಗಿಲ್ಲ. ಒಂದು ತುಂಡನ್ನು ಕಿತ್ತು ಹಾಕಿ, ತೂತನ್ನು ಮುಚ್ಚಿಟ್ಟು, ಕೌದಿ ಒಂದಾಗಿದೆ ಎಂದರೆ ಚಳಿಗೆ ತಿಳಿಯದೇ ಇರುತ್ತದೆಯೇ?

"ಇದು ಯಾರಿಗಿ?" ಎಂದ ಅಣ್ಣ. ನಾಲ್ಕು ಪಾಲು ಮಾಡಲಾಗದ ವಸ್ತು ಅದೊಂದೇ ಇತ್ತು. ಯಾರೂ ಮಾತಾಡಲಿಲ್ಲ. ಬಾಗಿಲ ಬಳಿ ನಿಂತಿದ್ದ ವೈನಿ ಮೆಲ್ಲಗೆ, "ಅತ್ತಿದು ನನಗ ಇರಲೇನ್ರಿ?" ಎಂದಳು. ನಾವು ನಾಲ್ವರೂ ಒಟ್ಟಿಗೆ ಹೂಂ ಎಂದೆವು. ಆ ದಿನವಿಡೀ ನಾಲ್ವರೂ ಒಪ್ಪಿದ ಮಾತು ಅದೊಂದೇ. ಅವಳ ಋಣ ಅದರಿಂದ ತೀರಿತೆಂದು ನಾನು ಹೇಳಲಾರೆ. ಒಂದು ಹಳೆಯ ಕೌದಿ ನಾಲ್ಕು ತಿಂಗಳ ನಿದ್ದೆಗೆ ಸಮವಲ್ಲ.

ತಮ್ಮ ಒಂದೂವರೆ ವರ್ಷ ನನ್ನ ಜೊತೆ ಮಾತು ಬಿಟ್ಟಿದ್ದ. 2024ರ ಪಂಚಮಿಗೆ ಅಕ್ಕನ ಎರಡು ಕೋಣೆಯ ಮನೆಗೆ ಹೋದಾಗ, ಗೋಡೆಯ ಆಚೆಯಿಂದ ಅವನ ಮಗಳು ತಟ್ಟೆಯಲ್ಲಿ ಶೇಂಗಾ ಉಂಡಿ, ಎಳ್ಳುಂಡಿ ತಂದಳು. "ಅಪ್ಪಾ ಕೊಟ್ಟ ಬಾ ಅಂದಾನ" ಎಂದಳು. ಅವನು ಬರಲಿಲ್ಲ. ಸಂಜೆ ನಾನು ಬಸ್ಸಿಗೆ ಹೊರಟಾಗ ಬೈಕು ತೆಗೆದು, "ಹತ್ತು" ಎಂದಷ್ಟೇ ಹೇಳಿದ. ಮೊದಲಿನ ಸಲುಗೆ ಇನ್ನೂ ಬಂದಿಲ್ಲ; ಬರುತ್ತದೋ ಇಲ್ಲವೋ. ಆದರೆ ಅದೇ ಚಳಿಗಾಲದಲ್ಲಿ ಅಕ್ಕನಿಗೆ ಎದೆನೋವು ಬಂದಾಗ ರಾತ್ರಿ ಎರಡು ಗಂಟೆಗೆ ಗಾಡಿ ಮಾಡಿ ಆಸ್ಪತ್ರೆಗೆ ಒಯ್ದವನು ಅವನೇ. ನಾನು ಮುಟ್ಟುವ ಹೊತ್ತಿಗೆ ಅಣ್ಣ, ವೈನಿ ಎಲ್ಲರೂ ಅಲ್ಲಿದ್ದರು. ಒಂದು ಚುಂಗು ಎಳೆದಾಗ ಯಾರ್ಯಾರು ಬರುತ್ತಾರೆ ಎಂಬುದನ್ನು ಯಾವ ವಾಟ್ನಿ ಪತ್ರವ‌ೂ ಬರೆದಿಡಲಾರದು, ಅಳಿಸಲೂ ಆರದು.

ಹೋದ ದೀಪಾವಳಿಗೆ ವೈನಿಯ ಮನೆಯಲ್ಲಿ ಕೌದಿ ನೋಡಿದೆ. ಹರಿದಿದ್ದ ಒಂದು ಮೂಲೆಗೆ ಅವಳು ತನ್ನ ತವರಿನ ಸೀರೆಯ ಹಸಿರು ತುಂಡು ಹಚ್ಚಿದ್ದಾಳೆ. ಇದು ಅವ್ವನ ಕೌದಿಯೋ ವೈನಿಯದೋ ಎಂದು ಅಥೆನ್ಸಿನವರು ವಾದ ಮಾಡಿಕೊಳ್ಳಲಿ.

ಆ ಹುಡುಗಿ ಒಂಬತ್ತನೆಯ ಇಯತ್ತೆಗೆ ಬಂದ ಮೇಲೆ ಒಂದು ದಿನ ವರಾಂಡದಲ್ಲಿ ಸಿಕ್ಕಳು. ಬಾಕಿ ಉಳಿದಿದ್ದ ಉತ್ತರ ಕೊಡೋಣವೆಂದು ನಿಲ್ಲಿಸಿದೆ. ಅವಳಿಗೆ ತನ್ನ ಮಾತು ನೆನಪಿರಲಿಲ್ಲ, ನೆನಪಿಸಿದೆ. "ನೀ ಹೇಳಿದ್ದು ಖರೆ. ಹರಿದ ರೊಟ್ಟಿ ಮತ್ತ ಒಂದ ಆಗೂದಿಲ್ಲ. ಆದ್ರ ರೊಟ್ಟಿ ಮಾಡೂದ ಹರಕೊಂಡು ತಿನ್ನಾಕಲ್ಲೇನು? ಇಡೀ ರೊಟ್ಟಿ ಡಬ್ಬ್ಯಾಗ ಇಟ್ರ ಯಾರ ಹೊಟ್ಟೀನೂ ತುಂಬೂದಿಲ್ಲ" ಎಂದೆ.

ಅವಳು ಸ್ವಲ್ಪ ಯೋಚಿಸಿ, "ಹಂಗಾರ ಪಾಲು ಮಾತ್ರ ಸಮ ಇರಬೇಕಲ್ರಿ ಟೀಚರ್" ಎಂದಳು.

"ಅದಕ್ಕೇ ಗಣಿತ ಕಲಿಸೂದು" ಎಂದೆ.